ಗುರ್ಲಹೊಸೂರಿನ ಲಕ್ಷ್ಮಣರಾವ್ ಮತ್ತು ಮಾಮಾನ ಹುಲ್ಲಿನ ಮಷೀನು

ಈ ಸಲದ ಸಂಚಿಕೆಗೆ ಸಂಘದ ಸೀನಿಯರ್‌ಗಳು ಒಂದು ಕೆಲಸ ಹಚ್ಚಿದ್ದರು. ನಿಮ್ಮ ಕಡೆಯ, ಈಗ ಬದುಕಿಲ್ಲದ ಒಬ್ಬ ದೊಡ್ಡ ವ್ಯಕ್ತಿಯ ಜೀವನ ಬರೆದುಕೊಡಿ ಅಂತ. ನಾವು ನಾಲ್ಕು ಜನ ಸೇರಿ ಬರೆಯೋಣ ಅಂದುಕೊಂಡೆವು. ಒಬ್ಬ ಬೈಲಹೊಂಗಲದವನು, ಒಬ್ಬ ಕಿತ್ತೂರಿನವನು, ಒಬ್ಬ ಸವದತ್ತಿಯವನು, ಇನ್ನೊಬ್ಬಳು ರಾಮದುರ್ಗದವಳು. ನಾಲ್ವರೂ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಬೈಕೊಂಡು ಮುಂದೆ ಓದಿ.

ಕಿತ್ತೂರು, ಬೈಲಹೊಂಗಲ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರೋದು ಚೆನ್ನಮ್ಮ, ರಾಯಣ್ಣ. ಅವರ ಬಗ್ಗೆ ಪ್ರತಿ ವರ್ಷ ಒಂದು ಲೇಖನ ಬಂದೇ ಬರುತ್ತದೆ, ಬರಲೇಬೇಕು. ಆದರೆ ಸವದತ್ತಿಯವನು ಹಟ ಹಿಡಿದ, ಈ ಸಲ ನಮ್ಮ ತಾಲೂಕಿನವರೇ ಆಗಬೇಕು, ಅದೂ ಇಂಜಿನಿಯರೇ ಆಗಬೇಕು ಅಂತ. ಯಾರಪ್ಪಾ ಅದು ಅಂತ ಕೇಳಿದರೆ ಅವನು ನಮ್ಮನ್ನು ವರ್ಕ್‌ಶಾಪಿಗೆ ಕರಕೊಂಡು ಹೋಗಿ, ಫಸ್ಟ್ ಇಯರ್‌ನಲ್ಲಿ ನಾವೆಲ್ಲ ಕೈ ಕಪ್ಪು ಮಾಡಿಕೊಂಡ ಹಳೇ ಲೇಥ್ ತೋರಿಸಿದ. ಅದರ ಮೇಲಿನ ಹೆಸರು ಮೈಸೂರು ಕಿರ್ಲೋಸ್ಕರ್, ಹರಿಹರ. ಈ ಕಿರ್ಲೋಸ್ಕರ್ ಮನೆತನದ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. ನಮ್ಮ ಮೂವರಿಗೂ ಇದು ಗೊತ್ತಿರಲಿಲ್ಲ. ಹೊಲದ ಬಾವಿ ಮೇಲೆ ಕೂತಿರೋ ಪಂಪಿನ ಹೆಸರು ಪುಣೆ ಕಡೆಯದು ಅಂತಲೇ ಅಂದುಕೊಂಡಿದ್ದೆವು.

ಆದರೆ ಇವರ ಬಗ್ಗೆಯೇ ಬರೀಬೇಕು ಅಂತ ಅನ್ನಿಸಿದ್ದಕ್ಕೆ ಲೇಥ್ ಕಾರಣ ಅಲ್ಲ. ರಜೆಯಲ್ಲಿ ನಾವು ಮಾಡಿಕೊಂಡ ಒಂದು ಪಜೀತಿ ಕಾರಣ. ಅದನ್ನ ಮೊದಲು ಹೇಳಿಬಿಡ್ತೇವೆ.

ಕಿತ್ತೂರಿನ ಗೆಳೆಯನ ಮಾಮಾ ಲಾನ್ ಕೆಲಸ ಹಿಡಿದು ಮಾಡ್ತಾರೆ. ಶಾಲೆ, ಕಲ್ಯಾಣ ಮಂಟಪ, ಒಂದೆರಡು ಫಾರ್ಮ್ ಹೌಸ್, ಕಿತ್ತೂರಿನಿಂದ ಬೈಲಹೊಂಗಲದವರೆಗೆ ಅವರ ಓಡಾಟ. ಹೆಗಲಿಗೆ ಪಟ್ಟಿ ಹಾಕಿ ಹಿಡಿಯೋ ಪೆಟ್ರೋಲ್ ಬ್ರಷ್ ಕಟರ್ ಇದೆ, ಟೂ ಸ್ಟ್ರೋಕ್, ಆಯಿಲ್ ಬೆರೆಸಿದ ಪೆಟ್ರೋಲ್ ಬೇಕು. ಸಂಜೆ ಮನೆಗೆ ಬಂದ ಮೇಲೂ ಅವರ ಕೈ ಜುಮ್ಮು ಅಂತಿರುತ್ತದೆ, ಊಟಕ್ಕೆ ಕೂತಾಗ ಒಂದು ಮಾತು ಎರಡು ಸಲ ಹೇಳಬೇಕು, ಕಿವಿ ಆ ಸದ್ದಿನಿಂದ ಹೊರಗೆ ಬಂದಿರೋದಿಲ್ಲ. ನಾವು ನಾಲ್ವರೂ ಕೂಡಿ ಅವರ ತಲೆ ತಿಂದೆವು. ಬ್ಯಾಟರಿ ಮಷೀನು ತಗೊಳ್ರಿ ಮಾಮಾ, ಹೊಗೆ ಇಲ್ಲ, ಸದ್ದು ಇಲ್ಲ, ಪೆಟ್ರೋಲ್ ಖರ್ಚಿಲ್ಲ ಅಂತ. ಪಾಪ, ಇಂಜಿನಿಯರಿಂಗ್ ಓದೋ ಹುಡುಗರು ಹೇಳ್ತಾರೆ ಅಂತ ಅವರು ಕಂತಿನ ಮೇಲೆ ತಂದೇಬಿಟ್ಟರು. ದೂಡಿಕೊಂಡು ಹೋಗೋ ಮೋವರು, ಲಿಥಿಯಂ ಬ್ಯಾಟರಿ ಒಂದು, ಚಾರ್ಜರ್ ಒಂದು.

ಬ್ಯಾಟರಿ ಮೇಲೆ ಬರೆದಿದ್ದು 36 ವೋಲ್ಟ್, 5 ಆಂಪಿಯರ್ ಅವರ್. ಗುಣಿಸಿದರೆ 180 ವಾಟ್ ಅವರ್. ನಾವು ಕ್ಲ್ಯಾಂಪ್ ಮೀಟರ್ ಹಿಡಿದು ಮಷೀನು ಓಡುವಾಗ ಕರೆಂಟ್ ನೋಡಿ, ಲೆಕ್ಕ ಹಾಕಿ, ಒಂದು ತಾಸು ಆರಾಮಾಗಿ ಓಡುತ್ತೆ ಅಂತ ಮಾಮಾಗೆ ಮಾತು ಕೊಟ್ಟೆವು. ಅವರು ಅದೇ ಲೆಕ್ಕದ ಮೇಲೆ ಒಂದು ಕಲ್ಯಾಣ ಮಂಟಪದ ಲಾನ್ ಒಪ್ಪಿಕೊಂಡರು. ಮರುದಿನ ಬೆಳಗ್ಗೆ ಮದುವೆ. ಹಿಂದಿನ ದಿನ ಮಧ್ಯಾಹ್ನ ಮಳೆ ಬಂದಿತ್ತು, ಹುಲ್ಲು ಹಸಿ, ಮೊಣಕಾಲ ಸಮೀಪ ಬೆಳೆದಿತ್ತು. ಇಪ್ಪತ್ತು ನಿಮಿಷಕ್ಕೇ ಮಷೀನು ನಿಂತಿತು. ಲಾನ್ ಅರ್ಧ ಕೂಡ ಆಗಿರಲಿಲ್ಲ. ಬಿಸಿಯಾದ ಬ್ಯಾಟರಿಯನ್ನು ಚಾರ್ಜರ್ ತಗೊಳ್ಳಲೇ ಇಲ್ಲ, ತಣ್ಣಗಾಗಲಿ ಅಂತ ಕೆಂಪು ದೀಪ ಮಿಣುಕಿಸುತ್ತಾ ಕೂತಿತು. ಪೆಟ್ರೋಲ್ ಮಷೀನು ಕಿತ್ತೂರಿನ ಮನೆಯಲ್ಲಿ. ಮಂಟಪದವರು ಮಾಮಾಗೆ ಅಂದ ಮಾತುಗಳನ್ನ ಇಲ್ಲಿ ಬರೆಯೋದಿಲ್ಲ. ರಾತ್ರಿ ಹನ್ನೊಂದರವರೆಗೆ ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಕುಡಗೋಲು, ಕತ್ತರಿ ಹಿಡಿದು ನಾವೆಲ್ಲ ಹುಲ್ಲು ಕೊಯ್ದೆವು.

ನಮ್ಮ ತಪ್ಪು ಎಲ್ಲಿ ಅಂತ ಓದುಗರಿಗೆ ಈಗಾಗಲೇ ಹೊಳೆದಿರಬಹುದು. ನಾವು ಅಳೆದಿದ್ದು ನೋ ಲೋಡ್ ಕರೆಂಟ್. ಸಿಮೆಂಟ್ ನೆಲದ ಮೇಲೆ, ಬ್ಲೇಡ್ ಬರೀ ಗಾಳಿಯಲ್ಲಿ ತಿರುಗುವಾಗ. ಹಸಿ ಹುಲ್ಲಿನಲ್ಲಿ ಅದೇ ಮೋಟರು ಸರಾಸರಿ 500 ವಾಟ್ ಎಳೆದರೂ ಸಾಕು, 180 ವಾಟ್ ಅವರ್ ಇಪ್ಪತ್ತೊಂದು, ಇಪ್ಪತ್ತೆರಡು ನಿಮಿಷಕ್ಕೆ ಖಾಲಿ. ಇಂಟರ್ನಲ್ಸ್‌ನಲ್ಲಿ ಬಂದಿದ್ದರೆ ಎರಡು ಮಾರ್ಕ್ಸ್ ಹೋಗುತ್ತಿತ್ತು. ಇಲ್ಲಿ ಮಾಮಾನ ಒಂದು ಗಿರಾಕಿ ಹೋಯಿತು.

ಅವತ್ತಿಂದ ಮಾಮಾ ಆ ಮಷೀನನ್ನ ಗೋಣಿಚೀಲ ಮುಚ್ಚಿ ಮೂಲೆಗೆ ಇಟ್ಟರು, ಕಂತು ಮಾತ್ರ ತಿಂಗಳಾ ಕಟ್ಟುತ್ತಾ ಇದ್ದರು. ನಾವು ನಮ್ಮ ನಮ್ಮಲ್ಲೇ ಅಂದುಕೊಂಡೆವು, ಹಳೇ ಕಾಲದವರು, ಹೊಸದು ಒಗ್ಗೋದಿಲ್ಲ ಅಂತ. ಕಾಲೇಜಿಗೆ ವಾಪಸ್ ಬಂದು ಲಕ್ಷ್ಮಣರಾವ್ ಬಗ್ಗೆ ಓದೋಕೆ ಕೂತಾಗ ಆ ಮಾತಿಗೆ ನಮಗೇ ನಾಚಿಕೆ ಆಯಿತು.

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20. ತಂದೆ ಕಾಶೀನಾಥಪಂತರು ಸಂಪ್ರದಾಯಸ್ಥರು, ಮಗ ಶಾಸ್ತ್ರೀಯವಾಗಿ ಓದಿ ಮುಂದೆ ಬರಲಿ ಅನ್ನುವವರು. ಗುರ್ಲಹೊಸೂರಿಗೆ ಅಷ್ಟೊತ್ತಿಗಾಗಲೇ ಒಬ್ಬ ಕಿರ್ಲೋಸ್ಕರ್ ಹೆಸರು ತಂದುಕೊಡೋ ಹಾದಿಯಲ್ಲಿದ್ದರು. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದೂ ಅದೇ ಊರಲ್ಲಿ, 1843ರಲ್ಲಿ. ಕನ್ನಡ ಸೀಮೆಯ ಒಂದು ಸಣ್ಣ ಹಳ್ಳಿಯಿಂದ ಒಬ್ಬರು ಮರಾಠಿ ರಂಗಭೂಮಿಗೆ, ಇನ್ನೊಬ್ಬರು ದೇಶದ ಯಂತ್ರೋದ್ಯಮಕ್ಕೆ. ಸವದತ್ತಿಯವನು ಇದನ್ನ ಹೇಳುವಾಗ ಅವನ ಕಾಲರ್ ನೋಡಬೇಕಿತ್ತು.

ಹುಡುಗನಿಗೆ ಶಾಲೆಯ ಓದು ಅಷ್ಟಕ್ಕಷ್ಟೆ. ಎರಡು ವಿಷಯದ ಹುಚ್ಚು, ಚಿತ್ರ ಬಿಡಿಸೋದು ಮತ್ತು ಯಂತ್ರ ಬಿಚ್ಚೋದು. ತಂದೆಗೆ ಇಷ್ಟವಿಲ್ಲದಿದ್ದರೂ, ಅಣ್ಣ ರಾಮುಅಣ್ಣನ ಸಹಾಯದಿಂದ 1885ರಲ್ಲಿ ಮುಂಬೈಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಎರಡು ವರ್ಷದಲ್ಲಿ ಒಂದು ಸತ್ಯ ಗೊತ್ತಾಯಿತು. ಅವರಿಗೆ ಅರೆ ವರ್ಣಾಂಧತೆ ಇತ್ತು, ಕೆಲವು ಬಣ್ಣಗಳ ಛಾಯೆ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಮನೆಯವರ ಮಾತು ಮೀರಿ ಊರು ಬಿಟ್ಟು ಬಂದವನಿಗೆ ಹದಿನೆಂಟನೇ ವಯಸ್ಸಿನಲ್ಲಿ ನೀನು ಪೇಂಟರ್ ಆಗೋಕೆ ಆಗೋಲ್ಲ ಅಂತ ಸ್ವಂತ ಕಣ್ಣೇ ಹೇಳಿದರೆ ಹೆಂಗಿರಬಹುದು? ನಮ್ಮಲ್ಲಿ ಬ್ರಾಂಚ್ ಸಿಗಲಿಲ್ಲ ಅಂತ ಒಂದು ಸೆಮ್ ಪೂರ್ತಿ ಮುಖ ಸಪ್ಪೆ ಮಾಡಿಕೊಂಡು ಕೂತವರಿದ್ದಾರೆ.

ಲಕ್ಷ್ಮಣರಾವ್ ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರಗಳ ಡ್ರಾಯಿಂಗ್‌ಗೆ ಬಣ್ಣ ಬೇಕಿಲ್ಲವಲ್ಲ, ಅದನ್ನ ಕಲಿತರು. ಮುಂಬೈಯಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಆಗಷ್ಟೇ, 1887ರಲ್ಲಿ, ಶುರುವಾಗಿತ್ತು. ಅಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಸುವ ಸಹಾಯಕ ಮಾಸ್ತರರಾದರು. ಅಂದರೆ ನಾವೆಲ್ಲ ರಾತ್ರಿ ಎರಡು ಗಂಟೆವರೆಗೆ ಶೀಟ್ ಹಾಕಿ ಶಾಪ ಹಾಕುವ ಸಬ್ಜೆಕ್ಟ್ ಅವರ ಅನ್ನ. ಪಾಠ ಮುಗಿದ ಮೇಲೆ ಅವರು ಮನೆಗೆ ಹೋಗುತ್ತಿರಲಿಲ್ಲ, ಕಾಲೇಜಿನ ವರ್ಕ್‌ಶಾಪಿನಲ್ಲಿ ಯಂತ್ರ ರಿಪೇರಿ ಮಾಡುತ್ತಾ ನಿಲ್ಲುತ್ತಿದ್ದರು. ಅವರ ಬಳಿ ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ ಅನ್ನೋದು ಇಲ್ಲೇ ಹೇಳಿಬಿಡೋಣ. ಕೈಯಿಂದ ಬಂದ ವಿದ್ಯೆ.

ಮುಂಬೈಯಲ್ಲಿ ಒಂದು ದಿನ ಯಾರೋ ಸೈಕಲ್ ಮೇಲೆ ಹೋಗೋದನ್ನ ಮೊದಲ ಸಲ ನೋಡಿದರು. ಇದನ್ನ ಬೆಳಗಾವಿಗೆ ಯಾಕೆ ತರಬಾರದು ಅನ್ನಿಸಿತು. 1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ತಮ್ಮ ಸೇರಿ ಕಿರ್ಲೋಸ್ಕರ್ ಬ್ರದರ್ಸ್ ಅನ್ನೋ ಸಣ್ಣ ಸೈಕಲ್ ಅಂಗಡಿ ತೆಗೆದರು. ಲಕ್ಷ್ಮಣರಾವ್ ಮುಂಬೈಯಿಂದ ಸೈಕಲ್ ಕೊಂಡು ಕಳಿಸೋದು, ರಾಮುಅಣ್ಣ ಇಲ್ಲಿ ಮಾರೋದು. ಕೊಂಡವರಿಗೆ ಹೊಡೆಯೋದನ್ನೂ ಕಲಿಸುತ್ತಿದ್ದರು. ಈ ಕೊನೇ ಮಾತು ನಮಗೆ ಬಹಳ ಮುಖ್ಯ ಅನ್ನಿಸಿತು. ಸೈಕಲ್ ಕೈಗೆ ಕೊಟ್ಟು ಹಣ ಎಣಿಸಿಕೊಂಡು ಬಾಗಿಲು ಹಾಕಿಕೊಂಡಿದ್ದರೆ ಕೊಂಡವನು ಎರಡು ಸಲ ಬಿದ್ದು, ಸೈಕಲ್ ಮೂಲೆಗೆ ಇಟ್ಟು, ಮೇಲೆ ಗೋಣಿಚೀಲ ಮುಚ್ಚುತ್ತಿದ್ದ.

ಮುಂದೆ ಕಾಲೇಜಿನಲ್ಲಿ ಇವರಿಗೆ ಬರಬೇಕಾಗಿದ್ದ ಬಡ್ತಿ ಇವರನ್ನ ದಾಟಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯಿತು. ಲಕ್ಷ್ಮಣರಾವ್ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಇವತ್ತೂ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರೋಡ್ ಇದೆ, ಬಟ್ಟೆ ಖರೀದಿಗೆ ಹೋದಾಗ ಎಷ್ಟು ಸಲ ದಾಟಿದ್ದೇವೋ, ಯಾರ ಹೆಸರು ಅಂತ ಒಮ್ಮೆಯೂ ಕೇಳಿರಲಿಲ್ಲ.

ಬೆಳಗಾವಿಯ ಸಣ್ಣ ಕಾರ್ಖಾನೆಯಲ್ಲಿ ಅವರು ಮೊದಮೊದಲು ಮಾಡಿದ್ದು ಚಾಫ್ ಕಟರ್, ಅಂದರೆ ದನದ ಮೇವು ಕತ್ತರಿಸುವ ಕೈಯಂತ್ರ. ಹುಲ್ಲು ಕತ್ತರಿಸೋ ಮಷೀನೇ! ಇದನ್ನ ಓದಿದಾಗ ಕಿತ್ತೂರಿನವನು ಎದ್ದು ನಿಂತುಬಿಟ್ಟ. ಬೈಲಹೊಂಗಲದವನ ಮನೆಯಲ್ಲಿ ಇಂಥದ್ದು ಒಂದು ಇನ್ನೂ ಇದೆ. ದೊಡ್ಡ ಫ್ಲೈವೀಲ್, ಅದರ ಅರಗಳ ಮೇಲೆ ಬಾಗಿದ ಎರಡು ಬ್ಲೇಡು, ಕಣಕಿ ತೂರಿಸೋಕೆ ಒಂದು ದೋಣಿ, ಒಳಗೆ ಎಳೆದುಕೊಳ್ಳೋಕೆ ಹಲ್ಲಿನ ರೋಲರ್. ಜೋಳದ ಕಣಕಿ ಹಂಗೇ ಹಾಕಿದರೆ ಎತ್ತು ಎಲೆ ತಿಂದು ದಂಟು ತುಳಿದು ಹಾಕುತ್ತದೆ, ಸಣ್ಣಗೆ ಕತ್ತರಿಸಿ ಹಾಕಿದರೆ ಹೆಚ್ಚು ಕಡಿಮೆ ಪೂರ್ತಿ ತಿನ್ನುತ್ತದೆ. ಬರದ ವರ್ಷದಲ್ಲಿ ನಮ್ಮ ಕಡೆ ಒಂದು ಬಣವಿ ಎಷ್ಟು ದಿನ ಬರುತ್ತೆ ಅನ್ನೋದು ಈ ಒಂದು ವಿಷಯದ ಮೇಲೆ ನಿಂತಿರುತ್ತದೆ.

ಇಲ್ಲಿ ಸ್ವಲ್ಪ ಸಬ್ಜೆಕ್ಟ್ ಮಾತಾಡ್ತೇವೆ, ಮೆಕ್ಯಾನಿಕಲ್‌ನವರು ಕ್ಷಮಿಸಿ. ಚಾಫ್ ಕಟರ್ ಹುಲ್ಲನ್ನ ಕತ್ತರಿಯ ಹಾಗೆ ಕೊಯ್ಯುತ್ತದೆ. ಒಂದು ಅಂಚು ನಿಂತಿರುತ್ತದೆ, ಇನ್ನೊಂದು ಅದನ್ನ ಸವರಿಕೊಂಡು ಹೋಗುತ್ತದೆ. ಬ್ಲೇಡು ಬಾಗಿರೋದರಿಂದ ಇಡೀ ಕಂತೆಯ ಮೇಲೆ ಒಮ್ಮೆಗೇ ಭಾರ ಬೀಳೋದಿಲ್ಲ. ನಡುವೆ ಬಿಗಿ ಬಂದರೆ ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿ ದಾಟಿಸುತ್ತದೆ. ಅದಕ್ಕೇ ಮನುಷ್ಯನ ಒಂದು ತೋಳಿಗೆ ಅದು ತಿರುಗುತ್ತದೆ. ಮಾಮಾನ ಮೋವರು ಹಾಗಲ್ಲ. ಅದರ ಬ್ಲೇಡಿಗೆ ಎದುರು ಅಂಚೇ ಇಲ್ಲ, ಬರೀ ವೇಗದಿಂದ ಹುಲ್ಲನ್ನ ಹೊಡೆದು ತುಂಡು ಮಾಡುತ್ತದೆ. ಆ ವೇಗ ಉಳಿಸಿಕೊಳ್ಳೋಕೇ ಬ್ಯಾಟರಿ ಅಷ್ಟು ಖರ್ಚಾಗೋದು. ಹುಲ್ಲು ಹಸಿಯಾದಷ್ಟೂ, ಎತ್ತರವಾದಷ್ಟೂ, ಬ್ಲೇಡು ಮೊಂಡಾದಷ್ಟೂ ಹೆಚ್ಚು. ಪೆಟ್ರೋಲ್ ಮಷೀನಿನಲ್ಲಿ ಇದು ಗೊತ್ತಾಗೋದಿಲ್ಲ, ಯಾಕಂದರೆ ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಟೂ ಸ್ಟ್ರೋಕ್ ಇಂಜಿನ್ ಅದರಲ್ಲಿ ಬಹುಪಾಲು ಬಿಸಿಯಾಗಿ, ಒಂದಿಷ್ಟು ಉರಿಯದ ಪೆಟ್ರೋಲಾಗಿ ಹೊರಗೆ ಚೆಲ್ಲಿದರೂ ಕೆಲಸ ನಡೆಯುತ್ತದೆ. ನಮ್ಮ ಬ್ಯಾಟರಿಯಲ್ಲಿ ಇದ್ದದ್ದು 0.18 ಯೂನಿಟ್. ಚೆಲ್ಲೋಕೆ ಏನೂ ಇಲ್ಲ.

ರಾಮದುರ್ಗದವಳು ಇನ್ನೊಂದು ವಿಷಯ ಹುಡುಕಿ ತಂದಳು. ಅವರದು ನೇಕಾರರ ಮನೆತನ. ಲಾನ್ ಮೋವರ್‌ನ ಮೂಲವೇ ಬಟ್ಟೆ ಗಿರಣಿಯಂತೆ! ಇಂಗ್ಲೆಂಡಿನ ಗ್ಲೌಸ್ಟರ್‌ಷೈರ್‌ನಲ್ಲಿ ಎಡ್ವಿನ್ ಬಡಿಂಗ್ ಅನ್ನುವವರು ಉಣ್ಣೆ ಬಟ್ಟೆಯ ಮೇಲೆ ಎದ್ದ ನೂಲಿನ ರೋಮವನ್ನ ಸಮನಾಗಿ ಕತ್ತರಿಸುವ ಸಿಲಿಂಡರ್ ನೋಡಿ, ಇದನ್ನೇ ಹುಲ್ಲಿಗೆ ಹಚ್ಚಿದರೆ ಹೆಂಗೆ ಅಂತ ಯೋಚಿಸಿ 1830ರಲ್ಲಿ ಪೇಟೆಂಟ್ ತಗೊಂಡರು. ಅದೂ ಕತ್ತರಿಯಂತೆ ಕೊಯ್ಯುವ ಯಂತ್ರ, ದೂಡಲು ಮನುಷ್ಯನ ಬಲ ಸಾಕಿತ್ತು. ಲಕ್ಷ್ಮಣರಾವ್‌ಗೂ ಬಡಿಂಗ್‌ಗೂ ಸಂಬಂಧ ಇಲ್ಲ ಬಿಡಿ. ಆದರೆ ಇಬ್ಬರೂ ಮೊದಲು ಕೈಯ ಬಲ ಎಷ್ಟು ಅಂತ ನೋಡಿಕೊಂಡು ಆಮೇಲೆ ಯಂತ್ರ ಮಾಡಿದವರು. ನಾವು ಮೊದಲು ಯಂತ್ರ ಕೊಡಿಸಿ ಆಮೇಲೆ ಬಲ ಲೆಕ್ಕ ಹಾಕಿದವರು.

ಚಾಫ್ ಕಟರ್ ಜೊತೆ ಲಕ್ಷ್ಮಣರಾವ್ ಕಬ್ಬಿಣದ ನೇಗಿಲು ಮಾಡಿದರು. ಅವರ ಜೀವನ ಚರಿತ್ರೆಯಲ್ಲಿ ಎಲ್ಲರೂ ಹೇಳೋ ಘಟನೆ ಇದೇ. ನೇಗಿಲು ಮಾರಾಟ ಆಗಲಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಅಂತ ರೈತರು ನಂಬಿದ್ದರು. ಮೊದಲನೇ ನೇಗಿಲು ಮಾರೋಕೆ ಎರಡು ವರ್ಷ ಹಿಡಿಯಿತು. ಇಂಟರ್‌ನೆಟ್‌ನಲ್ಲಿ ನೋಡಿದರೆ ಈ ಕಥೆ ಯಾವಾಗಲೂ ಒಂದೇ ರೀತಿ ಮುಗಿಯುತ್ತದೆ, ಮೂಢನಂಬಿಕೆ ಸೋತಿತು, ವಿಜ್ಞಾನ ಗೆದ್ದಿತು ಅಂತ.

ನಾವೂ ಹಾಗೇ ಬರೆದು ಮುಗಿಸಿದ್ದೆವು. ಆ ಡ್ರಾಫ್ಟನ್ನ ಬೈಲಹೊಂಗಲದವನು ಫೋನಿನಲ್ಲಿ ಅವರ ಅಜ್ಜನಿಗೆ ಓದಿ ಹೇಳಿದ. ಅಜ್ಜ ನಕ್ಕುಬಿಟ್ಟರಂತೆ. ಮರದ ರಂಟಿ ಮುರಿದರೆ ಊರ ಬಡಿಗ್ಯಾ ಅವತ್ತೇ ಸರಿ ಮಾಡಿಕೊಡುತ್ತಿದ್ದ, ಅವನಿಗೆ ಸುಗ್ಗಿಯಲ್ಲಿ ಆಯದ ಕಾಳು ಕೊಟ್ಟರೆ ಮುಗೀತು, ರೊಕ್ಕದ ಮಾತೇ ಇಲ್ಲ. ಅದರ ಕುಳ ಸವೆದರೆ ಊರ ಕಮ್ಮಾರ ಇದ್ದ. ಎರಕದ ನೇಗಿಲು ಬಿತ್ತೋ ಹೊತ್ತಿನಲ್ಲಿ ಒಡೆದರೆ ಯಾರ ಮನೆಗೆ ಹೋಗೋದು? ಮೇಲಾಗಿ ಕರಿ ಮಣ್ಣಿನಲ್ಲಿ ಆಳಕ್ಕೆ ಹೂಡೋ ನೇಗಿಲಿಗೆ ಒಂದು ಜೋಡಿ ಎತ್ತು ಸಾಲೋದಿಲ್ಲ. ಒಂದೇ ಜೋಡಿ ಇರೋವನು ಇಲ್ಲ ಅಂದ ಅಂದರೆ ಅವನೇನು ದಡ್ಡನೇ ಅಂತ ಅಜ್ಜ ಕೇಳಿದರಂತೆ.

ವಿಷದ ಮಾತು ಸುಳ್ಳು ಅಂತ ಅಲ್ಲ, ಹಾಗೆ ನಂಬಿದವರು ಇದ್ದೇ ಇದ್ದರು. ಆದರೆ ಬೇಡ ಅನ್ನೋದಕ್ಕೆ ಒಳಗೆ ಹತ್ತು ಲೆಕ್ಕ ಇರುತ್ತವೆ, ಬಾಯಿಗೆ ಬರೋದು ಒಂದು. ಮಾಮಾನೂ ನಮಗೆ ಹೇಳಿದ್ದು ಇದು ದೊಡ್ಡ ಮಂದಿ ಮನೆ ಅಂಗಳಕ್ಕೆ ಸರಿ ಅಂತಷ್ಟೇ.

ಇಷ್ಟು ಓದಿದ ಮೇಲೆ ಲಕ್ಷ್ಮಣರಾವ್ ಜೀವನದಲ್ಲಿ ನಮಗೆ ದೊಡ್ಡದಾಗಿ ಕಂಡಿದ್ದು ಅವರು ನೇಗಿಲು ಮಾಡಿದ್ದಲ್ಲ. ಎರಡು ವರ್ಷ ಅಂಗಡಿ ಮುಚ್ಚದೆ ನಿಂತಿದ್ದು. ಮೇವಿನ ಯಂತ್ರದ ಗುಣ ರೈತನಿಗೆ ಒಂದು ಸಂಜೆಯಲ್ಲಿ ಕಾಣುತ್ತದೆ, ದನವೇ ಸಾಕ್ಷಿ ಹೇಳುತ್ತದೆ. ನೇಗಿಲಿನ ಗುಣ ಕಾಣೋಕೆ ಒಂದು ಬೆಳೆ ಬರಬೇಕು, ಆಳಕ್ಕೆ ಹೂಡಿ ಕರಕಿ ಬೇರು ಕಿತ್ತು ಬಂದ ಹೊಲ ಪಕ್ಕದ ಹೊಲಕ್ಕಿಂತ ಬೇರೆ ಅಂತ ನಾಲ್ಕು ಜನ ನೋಡಬೇಕು. ಅಂದಹಾಗೆ ರೈತ ಕಿತ್ತು ಬಿಸಾಕೋ ಈ ಕರಕಿಯನ್ನೇ ಎಷ್ಟೋ ಕಡೆ ಲಾನ್ ಅಂತ ನೀರು ಹಾಕಿ ಬೆಳೆಸ್ತಾರೆ. ಮಾಮಾ ಇದನ್ನ ಹೇಳಿ ಯಾವಾಗಲೂ ನಗ್ತಾರೆ.

ನೇಗಿಲು ನಿಧಾನಕ್ಕೆ ನಡೆಯೋಕೆ ಹತ್ತಿತು. ಆಗ ಬೇರೆ ಕಷ್ಟ ಬಂತು. ಊರು ಬೆಳೆಸಬೇಕು ಅಂತ ಬೆಳಗಾವಿಯ ಮುನಿಸಿಪಾಲಿಟಿ ಕಾರ್ಖಾನೆಯ ಜಾಗ ತೆರವು ಮಾಡಿಸಿತು. ಸಾಲ ಮಾಡಿ ಹಾಕಿದ ಭಟ್ಟಿ, ಲೇಥು, ಕೆಲಸ ಕಲಿತ ಆಳುಗಳು, ಎಲ್ಲ ಇಟ್ಟುಕೊಂಡು ಎಲ್ಲಿಗೆ ಹೋಗೋದು? ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಕೈ ಹಿಡಿದರು. ಅವರು ಸ್ವತಃ ಚಿತ್ರಕಾರರು, ಲಕ್ಷ್ಮಣರಾವ್‌ರ ಕೆಲಸ ಬಲ್ಲವರು. ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಾಗ ಕೊಟ್ಟರು, ಸಾಲವನ್ನೂ ಕೊಟ್ಟರು. ಜಾಗ ಅಂದರೆ ಪಾಪಾಸುಕಳ್ಳಿ ಮತ್ತು ನಾಗರಹಾವು, ಇಷ್ಟೇ ಬೆಳೆಯುತ್ತಿದ್ದ ಬರಡು. 1910ರಲ್ಲಿ ಇಪ್ಪತ್ತೈದು ಜನ ಕೆಲಸಗಾರರು, ಅವರ ಮನೆಮಂದಿ ಮತ್ತು ಲಕ್ಷ್ಮಣರಾವ್ ಆ ಕಳ್ಳಿ ಕಡಿದು ಊರು ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ. ಈಗಿನ ಸಾಂಗ್ಲಿ ಜಿಲ್ಲೆಯಲ್ಲಿದೆ, ರೈಲು ನಿಲ್ದಾಣಕ್ಕೂ ಅದೇ ಹೆಸರು. ಬೆಳಗಾವಿ ಒಂದು ಕಾರ್ಖಾನೆ ಕಳಕೊಂಡಿತು ಅಂತ ನಮಗೆ ಹೊಟ್ಟೆ ಉರೀತು, ಅದೂ ನೂರಕ್ಕೂ ಹೆಚ್ಚು ವರ್ಷ ಆದಮೇಲೆ.

ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆ ಆಚರಿಸುವ ಹಾಗಿಲ್ಲ ಅಂತ ಲಕ್ಷ್ಮಣರಾವ್ ಕಟ್ಟುನಿಟ್ಟು ಮಾಡಿದರು. ಆ ಕಾಲಕ್ಕೆ, ಆ ಮನೆತನದವರಿಗೆ, ಅದು ಸಣ್ಣ ನಿರ್ಧಾರ ಆಗಿರಲಿಕ್ಕಿಲ್ಲ. ಜೈಲಿಂದ ಹೊರಗೆ ಬಂದವರನ್ನ ಕರೆದು ರಾತ್ರಿ ಕಾವಲಿಗೇ ಇಟ್ಟುಕೊಂಡರು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ, ಕಲ್ಲಿದ್ದಲು ಎರಡಕ್ಕೂ ಬರ ಬಂತು, ಇದ್ದಿಲಿನಿಂದ ಭಟ್ಟಿ ನಡೆಸಿದರು. ನೇಗಿಲಿನ ಜೊತೆ ಕಬ್ಬಿನ ಗಾಣ, ಶೇಂಗಾ ಸುಲಿಯೋ ಯಂತ್ರ, ಆಮೇಲೆ ನೀರೆತ್ತುವ ಪಂಪು ಬಂದವು. ಪಟ್ಟಿ ನೋಡಿದರೆ ಗೊತ್ತಾಗುತ್ತದೆ, ಎಲ್ಲವೂ ಹೊಲದ ಸುತ್ತಲೇ. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಓದಿ 1926ರಲ್ಲಿ ಡಿಗ್ರಿ ಪಡೆದು ಬಂದರು. ಮನೆಯಲ್ಲಿ ಡಿಗ್ರಿ ಬಂದಿದ್ದು ಕಾರ್ಖಾನೆ ಆದಮೇಲೆ, ನಮ್ಮದು ಉಲ್ಟಾ.

ಮುಂದಿನದು ಬೇಗ ಹೇಳ್ತೇವೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇಥ್ ಮಾಡಿತು. ನಮ್ಮ ವರ್ಕ್‌ಶಾಪಿನದು ಅಲ್ಲಿಂದ ಬಂದಿದ್ದು, ಕಾರ್ಖಾನೆ ಮುಚ್ಚಿ ಹೋದರೂ ಅದು ಇನ್ನೂ ಓಡುತ್ತಿದೆ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಆಯಿಲ್ ಇಂಜಿನ್ಸ್. ಅಷ್ಟೊತ್ತಿಗೆ ಮುಂದಿನ ತಲೆಮಾರು ಕೆಲಸ ಹೊತ್ತುಕೊಂಡಿತ್ತು. ತೋಳಿನಿಂದ ತಿರುಗುವ ಯಂತ್ರದಿಂದ ಶುರು ಮಾಡಿದವರು ಇಂಜಿನ್ನು, ಮೋಟರು ಎರಡನ್ನೂ ಕಣ್ಣಾರೆ ನೋಡಿದರು. ಲಕ್ಷ್ಮಣರಾವ್ ತೀರಿಕೊಂಡಿದ್ದು 1956ರ ಸೆಪ್ಟೆಂಬರ್ 26. ಅದಾದ ಐದು ವಾರಕ್ಕೆ, ನವೆಂಬರ್ 1ಕ್ಕೆ, ಅವರು ಹುಟ್ಟಿದ ಗುರ್ಲಹೊಸೂರು ಮುಂಬೈ ರಾಜ್ಯದಿಂದ ನಮ್ಮ ರಾಜ್ಯಕ್ಕೆ ಬಂತು. 1969ರಲ್ಲಿ, ಹುಟ್ಟಿ ನೂರು ವರ್ಷ ಆದಾಗ, ಅಂಚೆ ಇಲಾಖೆ ಅವರ ಸ್ಟಾಂಪ್ ತಂದಿತು.

ಈ ಲೇಖನ ಅರ್ಧ ಬರೆದು ಬಿಟ್ಟು ನಾವು ಎರಡನೇ ಶನಿವಾರ ಕಿತ್ತೂರಿಗೆ ಹೋದೆವು. ಬರಿಗೈಲಿ ಅಲ್ಲ. ನಾಲ್ವರೂ ದುಡ್ಡು ಹಾಕಿ ಇನ್ನೊಂದು ಬ್ಯಾಟರಿ ತಗೊಂಡಿದ್ದೆವು. ಮೋವರಿಗಿಂತ ಬ್ಯಾಟರಿಯೇ ತುಟ್ಟಿ ಅನ್ನೋ ಹಾಗಿತ್ತು, ಹಾಸ್ಟೆಲ್‌ನಲ್ಲಿ ಎರಡು ತಿಂಗಳು ಸಂಜೆಯ ಗಿರಮಿಟ್ ಬಂದ್. ಮಾಮಾ ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ನಾವು ಈ ಸಲ ಏನೂ ಹೇಳಿಕೊಡಲಿಲ್ಲ, ಅವರ ಹಿಂದೆ ಎರಡು ದಿನ ತಿರುಗಿ ಬರಕೊಂಡೆವು ಅಷ್ಟೇ. ಯಾವ ಜಾಗದಲ್ಲಿ ಎಷ್ಟು ಹುಲ್ಲು, ಎಷ್ಟು ಹೊತ್ತು, ಅಲ್ಲಿ ಪ್ಲಗ್ ಪಾಯಿಂಟ್ ಇದೆಯೋ ಇಲ್ಲವೋ, ಕರೆಂಟ್ ಯಾವಾಗ ಹೋಗುತ್ತದೆ. ಮಾಪನ ಮಾಡಿದ್ದೂ ಈ ಸಲ ಹುಲ್ಲಿನ ಮೇಲೇ.

ಈಗ ಮಾಮಾ ಎರಡೂ ಮಷೀನು ಇಟ್ಟುಕೊಂಡಿದ್ದಾರೆ. ಬೇಲಿ ಪಕ್ಕದ ಒರಟು ಹುಲ್ಲು, ಮಳೆಗಾಲದಲ್ಲಿ ಮೈಮೇಲೆ ಬಂದ ಹುಲ್ಲು, ಇದಕ್ಕೆಲ್ಲ ಪೆಟ್ರೋಲೇ. ಪ್ರತಿ ವಾರ ಹೊಡೆಯೋ ಲಾನ್‌ಗೆ ಬ್ಯಾಟರಿ. ಅದೂ ಬಿಸಿಲು ಬಿದ್ದು ಇಬ್ಬನಿ ಆರಿದ ಮೇಲೆ, ಒಮ್ಮೆಗೇ ಬುಡಕ್ಕೆ ಇಳಿಸದೆ ಮೂರನೇ ಒಂದು ಪಾಲಷ್ಟೇ. ಒಂದು ಬ್ಯಾಟರಿ ಓಡುವಾಗ ಇನ್ನೊಂದು ನೆರಳಲ್ಲಿ ತಣ್ಣಗಾಗಿ ಆಮೇಲೆ ಚಾರ್ಜಿಗೆ. ಚಾರ್ಜ್ ಆಗೋ ಹೊತ್ತಿನಲ್ಲಿ ಪಾತಿ ಅಗೆಯೋದು, ಅಂಚು ಕತ್ತರಿಸೋದು. ಈ ವೇಳಾಪಟ್ಟಿ ಹಾಕಿದ್ದು ಅವರೇ, ನಾವಲ್ಲ. ಶಾಲೆಯ ಲಾನ್ ಮೊದಲು ಭಾನುವಾರ ಮಾತ್ರ ಹೊಡೀಬೇಕಿತ್ತು, ಈಗ ಪಾಠ ನಡೆಯುವಾಗಲೂ ಮಾಡಬಹುದು, ಯಾರೂ ಕಿಟಕಿ ಮುಚ್ಚೋದಿಲ್ಲ. ಹಾಗಾಗಿ ಭಾನುವಾರ ಬೇರೆ ಕೆಲಸ ಹಿಡೀತಾರೆ. ಕೈ ಜುಮ್ಮು ಅನ್ನೋದು ಪೂರ್ತಿ ಹೋಗಿಲ್ಲ, ವಾರಕ್ಕೆ ಎರಡು ದಿನಕ್ಕೆ ಇಳಿದಿದೆ. ಕಂತು ಇನ್ನೂ ಹನ್ನೊಂದು ಬಾಕಿ.

ಅವರ ಒಂದು ಪ್ರಶ್ನೆಗೆ ಮಾತ್ರ ನಮ್ಮ ಹತ್ತಿರ ಉತ್ತರ ಇಲ್ಲ. ಮೂರು ನಾಲ್ಕು ವರ್ಷಕ್ಕೆ ಬ್ಯಾಟರಿ ಸೆಲ್ ಸತ್ತರೆ ಬೈಲಹೊಂಗಲದಲ್ಲಿ ಯಾರು ಬಿಚ್ಚಿ ಸರಿ ಮಾಡ್ತಾರೆ? ಪೆಟ್ರೋಲ್ ಮಷೀನಿನ ಕಾರ್ಬ್ಯುರೇಟರ್ ಆದರೆ ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಚಹಾ ಕುಡಿಯೋದರೊಳಗೆ ಮಾಡಿ ಕೊಡ್ತಾನೆ. ಅಜ್ಜ ಕೇಳಿದ್ದೂ ಇದನ್ನೇ ಅಲ್ಲವಾ? ನಮ್ಮ ಕಾಲೇಜಿನ ಇಲೆಕ್ಟ್ರಿಕಲ್ ಲ್ಯಾಬಿನವರು ಯಾರಾದರೂ ಇದನ್ನ ಓದುತ್ತಿದ್ದರೆ ದಯವಿಟ್ಟು ನಮ್ಮನ್ನ ಕಾಣಿ, ಮಿನಿ ಪ್ರಾಜೆಕ್ಟ್ ಟೈಟಲ್ ಹುಡುಕುತ್ತಿದ್ದೇವೆ.

ಸದ್ಯಕ್ಕೆ ಬ್ಲೇಡ್ ಹಿಡಿಯೋ ಬುಷ್ ಸವೆದು ಮಷೀನು ನಡುಗೋಕೆ ಹತ್ತಿತ್ತು. ಹೊಸದು ಕಂಪನಿಯಿಂದ ಬರೋಕೆ ಹದಿನೈದು ದಿನ ಅಂದರಂತೆ. ನಾವು ಹಳೇ ಬುಷ್ ಅಳತೆ ತಗೊಂಡು, ಶೀಟ್ ಹಾಕಿ, ಇನ್‌ಸ್ಟ್ರಕ್ಟರ್ ಸರ್ ಕಾಲು ಹಿಡಿದು, ವರ್ಕ್‌ಶಾಪಿನ ಆ ಹಳೇ ಲೇಥ್ ಮೇಲೆ ಎರಡು ತಿರುವಿಸಿದ್ದೇವೆ. ಒಂದು ಹಾಳಾಯಿತು. ಇನ್ನೊಂದು ಶುಕ್ರವಾರ ಕಿತ್ತೂರು ಬಸ್ಸಿಗೆ ಹೋಗುತ್ತದೆ. ಶನಿವಾರ ಮಾಮಾಗೆ ಬೈಲಹೊಂಗಲದಲ್ಲಿ ಕೆಲಸ ಇದೆ.